ಕಂಪವಾತ: ಸತ್ತ ಕೋಶಗಳಿಂದ ಸಡಿಲಾದ ನಂಟುಗಳವರೆಗೆ

ಮುಂಬಯಿಯ ಪಾರ್ಸಿ ಕಾಲನಿಗಳಲ್ಲಿ ಭರೂಚಾ ಮತ್ತು ಸಂಗಡಿಗರು ಮನೆಮನೆಗೆ ಹೋಗಿ 14,010 ಜನರ ಸಮೀಕ್ಷೆ ಮಾಡಿದ ಲೆಕ್ಕ 1988ರಲ್ಲಿ ಪ್ರಕಟವಾಯಿತು. 46 ಮಂದಿಗೆ ಪಾರ್ಕಿನ್ಸನ್ ಕಾಯಿಲೆ (ಕಂಪವಾತ), ಅಂದರೆ ಲಕ್ಷಕ್ಕೆ ಸುಮಾರು 328. ವಯಸ್ಸಾದವರೇ ಹೆಚ್ಚಿರುವ ಸಮುದಾಯ ಅದು. ಅದೇ ಅಂಕಿಯಿಂದ ಇಡೀ ನಗರವನ್ನು ಅಳೆಯಲಾಗದು.

ಆ ಹೊತ್ತಿಗೆ ಕಾಯಿಲೆಯ ಬಗ್ಗೆ ಪ್ರಚಲಿತವಾಗಿದ್ದ ವಿವರಣೆ ಸರಳ. ಮಿದುಳಿನ ಕಾಂಡದಲ್ಲಿ ಕಪ್ಪಗೆ ಕಾಣುವ ಸಬ್‌ಸ್ಟಾನ್ಷಿಯಾ ನೈಗ್ರದ ಕೋಶಗಳು ಸಾಯುತ್ತವೆ, ಅವು ಒದಗಿಸುವ ಡೋಪಮಿನ್ ಎಂಬ ರಾಸಾಯನಿಕ ಬತ್ತುತ್ತದೆ, ಮೈ ಬಿಗಿದು ಕೈ ನಡುಗುತ್ತದೆ. ಈ ಕೊರತೆಯನ್ನು 1960ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್ ತೋರಿಸಿದ್ದರು; 1967ರಲ್ಲಿ ಕೊಟ್ಜಿಯಾಸ್, ಮಿದುಳಿನಲ್ಲಿ ಡೋಪಮಿನ್ ಆಗಿ ಮಾರ್ಪಡುವ ಲೆವೊಡೋಪಾದ ಗುಣ ತೋರಿಸಿಕೊಟ್ಟರು. ಅದೇ ಲೆವೊಡೋಪಾ ನಮ್ಮ ನಸುಗುನ್ನಿ ಬೀಜದಲ್ಲೂ ಇದೆ. ಮುಂಬಯಿಯ ಸಂಶೋಧಕರು ಆ ಬೀಜವನ್ನು ರೋಗಿಗಳಿಗೆ ಕೊಟ್ಟು ನೋಡಿದ ವರದಿ 1978ರಷ್ಟು ಹಳೆಯದು.

ಇಷ್ಟಕ್ಕೇ ಮುಗಿಯಿತೆನ್ನುವಂತಿರಲಿಲ್ಲ. ಆರೋಗ್ಯವಂತ ಭಾರತೀಯರ ಮಿದುಳಿನಲ್ಲಿ ಈ ಕಪ್ಪು ಕೋಶಗಳೇ ಬ್ರಿಟನ್ನಿನವರಿಗಿಂತ ಕಡಿಮೆ ಎಂದು ಬೆಂಗಳೂರಿನ ನಿಮ್ಹಾನ್ಸ್‌ನ ಮುತ್ತಣೆ, ಯಶಾ, ಶಂಕರ್ 1998ರಲ್ಲಿ ಬರೆದರು. ಕೋಶ ಕಡಿಮೆಯಿದ್ದೂ ಅವರಿಗೆ ನಡುಕವಿರಲಿಲ್ಲ. ಬರೀ ಎಣಿಕೆ ಸಾಲದು ಎನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಕಂಡಿಲ್ಲ.

ಎಣಿಕೆ ಬಿಟ್ಟು ನಂಟು ನೋಡುವ ದಾರಿ ತೆರೆದದ್ದು ಭಾರತೀಯ ಮೂಲದ ಭರತ್ ಬಿಸ್ವಾಲ್. ಎಂಆರ್‌ಐ ಯಂತ್ರದಲ್ಲಿ ಸುಮ್ಮನೆ ಮಲಗಿದವನ ಮಿದುಳಿನಲ್ಲೂ ಬೆರಳಾಡಿಸುವ ಎಡ, ಬಲ ಭಾಗಗಳ ಏರಿಳಿತ ಒಟ್ಟಿಗೇ ಸಾಗುತ್ತದೆಂದು ಅವರು 1995ರಲ್ಲಿ ತೋರಿಸಿದರು. ಒಟ್ಟಿಗೆ ಏರಿಳಿಯುವ ಭಾಗಗಳ ನಡುವೆ ಮಾತುಕತೆಯಿದೆ ಎಂಬುದೇ ಇಲ್ಲಿನ ತರ್ಕ. 2010ರಲ್ಲಿ ನೆದರ್ಲೆಂಡ್ಸ್‌ನ ಹೆಲ್ಮಿಕ್ ತಂಡ ಪಾರ್ಕಿನ್ಸನ್ ರೋಗಿಗಳಲ್ಲಿ ಇದನ್ನೇ ಪರೀಕ್ಷಿಸಿತು. ಡೋಪಮಿನ್ ಹೆಚ್ಚು ಕಳೆದುಕೊಂಡ ಪುಟಾಮೆನ್ ಎಂಬ ಮಿದುಳಿನಾಳದ ಭಾಗದ ಹಿಂಬದಿಗೆ ಮಿದುಳಿನ ಹೊರಪದರದ ಜತೆಗಿದ್ದ ನಂಟು ಸಡಿಲಾಗಿ, ಅಷ್ಟಾಗಿ ಕೆಡದ ಮುಂಬದಿಯ ನಂಟು ಬಲಗೊಂಡಿತ್ತು. ಹಾನಿ ಮತ್ತು ಅದನ್ನು ಸರಿದೂಗಿಸುವ ಪ್ರಯತ್ನ ಒಂದೇ ಚಿತ್ರದಲ್ಲಿ! ನಡುಕಕ್ಕೆ ಕಿರುಮಿದುಳಿನ ಸರ್ಕಿಟ್ಟೂ ಬೇಕೆಂದು ಅದೇ ತಂಡ ಮುಂದೆ ವಾದಿಸಿತು.

ನೆಲದ ಮೇಲಿನ ಗೆರೆಯ ವಿಚಾರವೂ ಇಲ್ಲಿ ಹೊಂದುತ್ತದೆ. ಬಾಗಿಲ ಬಳಿ ಕಾಲು ಅಂಟಿಕೊಂಡಂತೆ ನಿಂತುಬಿಡುವ ರೋಗಿ, ಅಡ್ಡಗೆರೆ ಎಳೆದುಕೊಟ್ಟರೆ ಅದನ್ನು ದಾಟುತ್ತ ನಡೆದುಬಿಡುತ್ತಾರೆ. ತಾನಾಗಿ ಹೆಜ್ಜೆ ಹುಟ್ಟಿಸುವ ಬೇಸಲ್ ಗ್ಯಾಂಗ್ಲಿಯಾದ (ಪುಟಾಮೆನ್ ಇದರದೇ ಭಾಗ) ದಾರಿ ಕೆಟ್ಟಿದ್ದರೂ, ಕಣ್ಣಿಗೆ ಬಿದ್ದ ಗುರುತು ಬೇರೊಂದು ಜಾಲವನ್ನು ಎಬ್ಬಿಸುತ್ತದೆ ಎಂಬುದು ಈಗಿನ ವಿವರಣೆ. ಔಷಧದಾಚೆಗಿನ ನೆರವು ಗೆರೆಗಷ್ಟೇ ಸೀಮಿತವಲ್ಲ: ಡಾ. ಬಿ.ಎಸ್. ಸಿಂಘಾಲ್ 2001ರಲ್ಲಿ ಮುಂಬಯಿಯಲ್ಲಿ ಕಟ್ಟಿದ ಪಾರ್ಕಿನ್ಸನ್ ಸೊಸೈಟಿಯಂಥ ಸಂಘಗಳಲ್ಲಿ ವ್ಯಾಯಾಮಕ್ಕೂ ಬೆಲೆಯಿದೆ.

ಶಸ್ತ್ರಚಿಕಿತ್ಸೆಯಲ್ಲೂ ನೋಟ ಬದಲಾಗಿದೆ. ಮುಂಬಯಿಯ ಜಸ್ಲೋಕ್ ಆಸ್ಪತ್ರೆಯಲ್ಲಿ ಪರೇಶ್ ದೋಶಿ 1990ರ ದಶಕದ ಕೊನೆಗೆ ಮಿದುಳಿನಾಳಕ್ಕೆ ತಂತಿ ಇಳಿಸಿ ವಿದ್ಯುತ್ ಹಾಯಿಸುವ ಶಸ್ತ್ರಚಿಕಿತ್ಸೆ ಶುರುಮಾಡಿದಾಗ ಗುರಿ ಒಂದು ಬಿಂದುವಾಗಿತ್ತು. ಆದರೆ ತಂತಿಯ ತುದಿ ಯಾವ ಜಾಲಕ್ಕೆ ತಾಗಿಕೊಂಡಿದೆ ಎಂಬುದರಿಂದ ಫಲವನ್ನು ಅಂದಾಜಿಸಬಹುದೆಂದು 2017ರಲ್ಲಿ ಹಾರ್ನ್ ತಂಡ ತೋರಿಸಿತು.

ನಂಟು ನೋಡುವ ಈ ದಾರಿಗೆ ತೊಡಕೂ ಇದೆ. ನಡುಗುವವರ ತಲೆ ಎಂಆರ್‌ಐ ಯಂತ್ರದೊಳಗೆ ಸ್ವಲ್ಪ ಅಲುಗಿದರೂ ಇಲ್ಲದ ನಂಟು ಇದ್ದಂತೆ ಕಾಣುತ್ತದೆ. ಮಾತ್ರೆ ನುಂಗಿ ಬಂದವರ ಚಿತ್ರ ಬೇರೆ, ನುಂಗದವರದ್ದು ಬೇರೆ. ಸಿಕ್ಕಿರುವ ಫಲಿತಾಂಶಗಳೆಲ್ಲ ಬಹುಮಟ್ಟಿಗೆ ಗುಂಪಿನ ಸರಾಸರಿ. ಡೊಂಬಿವಲಿಯಿಂದಲೋ ಮಾಟುಂಗದಿಂದಲೋ ತಂದೆಯನ್ನು ಕರೆತಂದು, ಈ ಸ್ಕ್ಯಾನ್ ಮಾಡಿಸಿದರೆ ಕಾಯಿಲೆ ಹೌದೋ ಅಲ್ಲವೋ ತಿಳಿಯುತ್ತದೆಯೇ ಎಂದು ಮಗ ಕೇಳಿದರೆ ಉತ್ತರ ಸದ್ಯಕ್ಕೆ ‘ಇಲ್ಲ’. ವೈದ್ಯರು ಈಗಲೂ ಹೆಬ್ಬೆರಳಿಗೆ ತೋರುಬೆರಳು ತಟ್ಟಲು ಹೇಳಿ, ಬೆರಳುಗಳ ನಡುವಿನ ಅಗಲ ಎಷ್ಟು ಬೇಗ ಕುಗ್ಗುತ್ತದೆಂದು ನೋಡುತ್ತಾರೆ.