ಗಿಜೋದ ಎರಡು ಊರು, ಒಂದೇ ಅಲೆ

2007ರ ಏಪ್ರಿಲ್ 2, ಸೋಮವಾರ. ಬೆಳಿಗ್ಗೆ 7.40ರ ಹೊತ್ತಿಗೆ ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ನೆಲ ನಡುಗಿತು. ತೀವ್ರತೆ 8.1. ಕೆಲವೇ ನಿಮಿಷಗಳಲ್ಲಿ ಪಶ್ಚಿಮ ಪ್ರಾಂತ್ಯದ ದಡಗಳಿಗೆ ಸುನಾಮಿ ಅಪ್ಪಳಿಸಿತು. ಸತ್ತವರು 52 ಮಂದಿ. ಅಷ್ಟು ದೊಡ್ಡ ಕಂಪನ ಅಷ್ಟು ಹತ್ತಿರದಲ್ಲೇ ಆಗಿತ್ತು, ಊರುಗಳೆಲ್ಲ ನೀರಿನ ಅಂಚಿನಲ್ಲೇ ಇದ್ದವು. ಇದನ್ನು ನೆನೆದರೆ ಈ ಸಂಖ್ಯೆ ಕಡಿಮೆಯೇ. ಆದರೆ ಸತ್ತವರು ಯಾರು ಎಂದು ನೋಡಿದಾಗ ಬೇರೆಯೇ ಒಂದು ಇತಿಹಾಸ ತೆರೆದುಕೊಳ್ಳುತ್ತದೆ.

ಪ್ರಾಂತ್ಯದ ಮುಖ್ಯ ಪಟ್ಟಣವಿರುವ ಗಿಜೋ ದ್ವೀಪದಲ್ಲಿ ಪೈಲೊಂಗೆ ಮತ್ತು ಟಿಟಿಯಾನ ಎಂಬ ಎರಡು ಊರುಗಳಿವೆ. ಎರಡೂ ಒಂದೇ ದಡದಲ್ಲಿ, ಹತ್ತಿರ ಹತ್ತಿರದಲ್ಲೇ ಇವೆ. ಪೈಲೊಂಗೆಯವರು ಅಲ್ಲಿಯ ಮೂಲ ನಿವಾಸಿಗಳು. ನೆಲ ನಡುಗಿದ ಕೂಡಲೇ ಅವರ ಕಣ್ಣು ಹೋದದ್ದು ಕಡಲಿನ ಕಡೆಗೆ. ನೀರು ಹಿಂದೆ ಸರಿಯುತ್ತಿರುವುದು ಕಂಡಿತು. ಮಕ್ಕಳನ್ನು ಎಳೆದುಕೊಂಡು ಗುಡ್ಡ ಹತ್ತಿದರು. ಟಿಟಿಯಾನದವರು ಗಿಲ್ಬರ್ಟ್ ದ್ವೀಪಗಳ ಮೂಲದ ವಲಸಿಗರು. ಅಲ್ಲಿಯೂ ನೀರು ಸರಿದು ಕಡಲಿನ ತಳ ಬಯಲಾಯಿತು. ಎಂದೂ ಕಾಣದ ಈ ಬಯಲನ್ನು ನೋಡಲು ಮಕ್ಕಳು ಅತ್ತ ಇಳಿದರು. ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ಆ ದಿನದ ಸಾವುಗಳಲ್ಲಿ ವಲಸಿಗರ ಪಾಲು ಅವರ ಜನಸಂಖ್ಯೆಗೆ ಹೋಲಿಸಿದರೆ ತೀರಾ ಹೆಚ್ಚು ಎಂದು ಆಮೇಲೆ ಹೋದ ಸಂಶೋಧಕರು ಬರೆದಿದ್ದಾರೆ.

ಹವಾಯಿಯ ಪೆಸಿಫಿಕ್ ಸುನಾಮಿ ಎಚ್ಚರಿಕೆ ಕೇಂದ್ರ 1949ರಿಂದಲೇ ಇದೆ. ಆದರೆ ಕಂಪನದ ಕೇಂದ್ರ ಪಕ್ಕದಲ್ಲೇ ಇದ್ದಾಗ ಹವಾಯಿಯಿಂದ ಸುದ್ದಿ ಬರುವ ಮೊದಲೇ ಅಲೆ ಬಂದಿರುತ್ತದೆ. ಗಿಜೋದಲ್ಲಿ ಕೆಲಸಕ್ಕೆ ಬಂದದ್ದು ಅಜ್ಜ ಅಜ್ಜಿಯರು ಹೇಳಿಕೊಟ್ಟ ಮಾತು: ನೆಲ ನಡುಗಿದರೆ ಗುಡ್ಡ ಹತ್ತು. ಆ ಮಾತು ಒಂದು ಊರಿನಲ್ಲಿತ್ತು, ಪಕ್ಕದ ಊರಿನಲ್ಲಿರಲಿಲ್ಲ. ಯಾಕಿರಲಿಲ್ಲ ಎಂದು ತಿಳಿಯಲು 70 ವರ್ಷ ಹಿಂದಕ್ಕೆ ಹೋಗಬೇಕು.

ಗಿಲ್ಬರ್ಟ್ ದ್ವೀಪಗಳು ಇಂದಿನ ಕಿರಿಬಾಟಿ ದೇಶದ ಭಾಗ. ಇವು ಹವಳದ ದ್ವೀಪಗಳು, ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರದ ಮರಳಿನ ಪಟ್ಟಿಗಳು. ಇಲ್ಲಿ ಹತ್ತಲು ಗುಡ್ಡವೂ ಇಲ್ಲ, ಭೂಫಲಕಗಳು ಒಂದಕ್ಕೊಂದು ಉಜ್ಜುವ ಗಡಿಯೂ ಹತ್ತಿರದಲ್ಲಿಲ್ಲ. ಇವರ ಶತ್ರು ಬರಗಾಲ. ಅದನ್ನು ಎದುರಿಸುವುದರಲ್ಲಿ ಇವರು ಪಳಗಿದವರು. ಮರಳಿನಡಿಯಲ್ಲಿ ಉಪ್ಪುನೀರಿನ ಮೇಲೆ ತೇಲುವ ಸಿಹಿನೀರಿನ ಪದರ ತಾಕುವವರೆಗೆ ಗುಂಡಿ ತೋಡಿ, ಅದರಲ್ಲಿ ಕೆಸುವಿನ ಜಾತಿಯ ಬಬಾಯಿ ಗಡ್ಡೆ ಬೆಳೆಯುತ್ತಿದ್ದರು. ಕೇದಗೆ ಜಾತಿಯ ಹಣ್ಣನ್ನು ಬೇಯಿಸಿ, ಅರೆದು, ಹಾಳೆಯಂತೆ ಹರವಿ ಒಣಗಿಸಿ ಇಡುತ್ತಿದ್ದರು. ತೆಂಗಿನ ನೀರಾವನ್ನು ಕಾಯಿಸಿ ನಮ್ಮ ಜೋನಿಬೆಲ್ಲದಂಥ ಪಾಕ ಮಾಡುತ್ತಿದ್ದರು. ವಿಪತ್ತಿಗೆ ಸಿದ್ಧರಾಗುವುದನ್ನು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಅವರು ಸಿದ್ಧರಾಗಿದ್ದ ವಿಪತ್ತು ಬೇರೆ, ಅಷ್ಟೇ.

1930ರ ದಶಕದಲ್ಲಿ ದಕ್ಷಿಣ ಗಿಲ್ಬರ್ಟಿನಲ್ಲಿ ಜನ ಹೆಚ್ಚಾಯಿತು, ಭೂಮಿ ಸಾಲದು ಎಂದು ಬ್ರಿಟಿಷ್ ಆಡಳಿತಕ್ಕೆ ಅನಿಸಿತು. ಹ್ಯಾರಿ ಮಾಡ್ ಎಂಬ ಅಧಿಕಾರಿ 1937ರಲ್ಲಿ ಪೂರ್ವದ ಫೀನಿಕ್ಸ್ ದ್ವೀಪಗಳನ್ನು ಪರಿಶೀಲಿಸಿದರು. ಮರುವರ್ಷದಿಂದ ಸಿಡ್ನಿ, ಹಲ್, ಗಾರ್ಡ್‌ನರ್ ಎಂಬ ಮೂರು ದ್ವೀಪಗಳಿಗೆ ಕುಟುಂಬಗಳನ್ನು ಸಾಗಿಸಲಾಯಿತು. ಸಿಡ್ನಿಗೆ ಅವರ ಭಾಷೆಯಲ್ಲಿ ಮನ್ರ ಎಂದು ಹೆಸರು. ಆದರೆ ಆ ದ್ವೀಪಗಳಲ್ಲೂ ಮಳೆ ಕೈಕೊಟ್ಟಿತು, ಬಾವಿ ಉಪ್ಪಾಯಿತು. 1950ರ ದಶಕದ ನಡುವಿನಲ್ಲಿ ಮನ್ರದ ಜನರನ್ನು 3,000 ಕಿಲೋಮೀಟರಿಗೂ ದೂರದ ಗಿಜೋಗೆ ತಂದರು. 1963ರ ಹೊತ್ತಿಗೆ ಯೋಜನೆಯನ್ನೇ ಕೈಬಿಟ್ಟು, ಉಳಿದವರನ್ನು ಸಾಲೊಮನ್ ದ್ವೀಪಗಳದೇ ಆದ ವಗೀನ ದ್ವೀಪಕ್ಕೆ ಕಳಿಸಿದರು. ಗಿಜೋದ ಒಂದು ವಸಾಹತಿಗೆ ಅವರೇ ಇಟ್ಟುಕೊಂಡ ಹೆಸರು ನ್ಯೂ ಮನ್ರ. ಬಿಟ್ಟುಬಂದ ಊರಿನ ಹೆಸರನ್ನು ಹೊತ್ತುಕೊಂಡು ಬರುವ ಅಭ್ಯಾಸ ಎಲ್ಲ ವಲಸಿಗರದೂ ಹೌದು.

ಆಡಳಿತದ ಕಡತದಲ್ಲಿ ನೋಡಿದರೆ ಇದೊಂದು ಒಳ್ಳೆಯ ವರ್ಗಾವಣೆ. ಸಾಲೊಮನ್‌ನಲ್ಲಿ ಮಳೆ ಧಾರಾಳ, ಭೂಮಿ ಹಸಿರು, ಮೀನು ಸಮೃದ್ಧ. ಬರದ ಅಪಾಯ ತಪ್ಪಿತು. ಆದರೆ ಆ ಮಳೆಯ ನಾಡು ಎರಡು ಭೂಫಲಕಗಳ ಗಡಿಯ ಮೇಲೆ ಕೂತಿದೆ. ಬಂದವರು ತಮಗೆ ಗೊತ್ತಿದ್ದಂತೆ ಕಡಲಿನ ಅಂಚಿನಲ್ಲೇ ಮನೆ ಕಟ್ಟಿಕೊಂಡರು. ಪಕ್ಕದ ಊರಿನವರ ಭಾಷೆ ಬೇರೆ, ನೆನಪು ಬೇರೆ. ಐವತ್ತು ವರ್ಷ ಅಕ್ಕಪಕ್ಕ ಬದುಕಿದರೂ ಈ ಒಂದು ತಿಳಿವಳಿಕೆ ದಾಟಿ ಬಂದಿರಲಿಲ್ಲ. ನಮ್ಮ ಐಟಿ ಕೆಲಸದಲ್ಲಿ ಪ್ರಾಜೆಕ್ಟು ಒಂದು ತಂಡದಿಂದ ಇನ್ನೊಂದಕ್ಕೆ ಹೋಗುವಾಗ ‘ನಾಲೆಡ್ಜ್ ಟ್ರಾನ್ಸ್‌ಫರ್’ ಎಂದು ವಾರಗಟ್ಟಲೆ ಕೂರುತ್ತೇವೆ. ಇಡೀ ಜನಾಂಗವನ್ನು ಸಾಗರ ದಾಟಿಸಿದವರು ಎಕರೆ ಎಣಿಸಿದರು, ನೀರು ಅಳೆದರು. ಈ ನೆಲದ ಅಪಾಯವನ್ನು ಇವರಿಗೆ ಹೇಳಿಕೊಡುವವರು ಯಾರು ಎಂಬ ಪ್ರಶ್ನೆ ಯಾರ ಪಟ್ಟಿಯಲ್ಲೂ ಇರಲಿಲ್ಲ.

ಹಾಗೆಂದು ಹಿರಿಯರ ಜ್ಞಾನವೇ ಎಲ್ಲಕ್ಕೂ ಮದ್ದು ಎನ್ನಲಾಗದು. ಸಿಂಬೊ ದ್ವೀಪದ ಟಪುರಾಯ್ ಮೂಲ ನಿವಾಸಿಗಳದೇ ಊರು. ಅಲ್ಲಿ ನೀರು ಸುಮಾರು 12 ಮೀಟರ್ ಎತ್ತರಕ್ಕೆ ಏರಿ ಊರನ್ನೇ ಗುಡಿಸಿಹಾಕಿತು. ಓಡಬೇಕೆಂದು ಗೊತ್ತಿದ್ದ ಊರಿನಲ್ಲೂ ಕೆಲವರು ಉಳಿಯಲಿಲ್ಲ. ಹಾಗೆಯೇ, ಗೊತ್ತಿಲ್ಲದವರು ಯಾವತ್ತೂ ಕಲಿಯುವುದಿಲ್ಲ ಎಂದೂ ಅಲ್ಲ. 2010ರ ಜನವರಿ 4ರಂದು ಅದೇ ಪ್ರಾಂತ್ಯದ ರೆಂಡೋವ ದ್ವೀಪಕ್ಕೆ ಮತ್ತೆ ಸುನಾಮಿ ಬಂತು. ಮನೆಗಳು ಹೋದವು, ಯಾರೂ ಸಾಯಲಿಲ್ಲ. 2007ರ ನೆನಪು ಹಸಿಯಾಗಿತ್ತು, ನೆಲ ಅಲುಗಿದೊಡನೆ ಜನ ಎತ್ತರಕ್ಕೆ ಹೋಗಿದ್ದರು. ಪ್ರಶ್ನೆಯಿರುವುದು ಹಸಿ ನೆನಪು ಒಣಗಿದ ಮೇಲೆ ಏನು ಎಂಬುದರಲ್ಲಿ. ಅದನ್ನು ಮಕ್ಕಳಿಗೆ ದಾಟಿಸುವ ಏರ್ಪಾಡು ಬೇಕು, ಹೊಸದಾಗಿ ಬಂದವರನ್ನೂ ಅದರೊಳಗೆ ಸೇರಿಸಿಕೊಳ್ಳಬೇಕು.

ಇದು ಮುಗಿದ ಕಥೆಯೂ ಅಲ್ಲ. ಏರುತ್ತಿರುವ ಕಡಲಿಗೆ ಹೆದರಿ ಕಿರಿಬಾಟಿ ಸರ್ಕಾರ 2014ರಲ್ಲಿ ಫಿಜಿಯ ವನುವಾ ಲೆವು ದ್ವೀಪದಲ್ಲಿ ಸುಮಾರು 20 ಚದರ ಕಿಲೋಮೀಟರ್ ಭೂಮಿ ಕೊಂಡಿತು. 2023ರಲ್ಲಿ ಸಹಿಯಾದ ಒಪ್ಪಂದದಂತೆ ಟುವಾಲುವಿನಿಂದ ವರ್ಷಕ್ಕೆ 280 ಜನ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಬಹುದು. ವಿಪತ್ತಿನ ಅಪಾಯ ತಗ್ಗಿಸಲು 2015ರಲ್ಲಿ ವಿಶ್ವಸಂಸ್ಥೆಯ ದೇಶಗಳು ಒಪ್ಪಿಕೊಂಡ ಸೆಂಡೈ ಚೌಕಟ್ಟು ಸ್ಥಳೀಯರ ಜ್ಞಾನಕ್ಕೂ ಬೆಲೆ ಕೊಡಬೇಕು ಎನ್ನುತ್ತದೆ. ಒಳ್ಳೆಯ ಮಾತು. ಆದರೆ ಊರನ್ನೇ ಬಿಟ್ಟವನಿಗೆ ಸ್ಥಳೀಯ ಜ್ಞಾನ ಎಂದರೆ ಯಾವ ಸ್ಥಳದ್ದು? ಬರದ ನಾಡಿನ ಜಾಣ್ಮೆ ಅವನನ್ನು ಚಂಡಮಾರುತದ ನಾಡಿನಲ್ಲಿ ಕಾಯುವುದಿಲ್ಲ.

ಮುಂಬಯಿ, ಚೆನ್ನೈಗಳಲ್ಲಿ ನೆಲೆಸಿದ ನಮಗೂ ಈ ಪ್ರಶ್ನೆ ದೂರದ್ದಲ್ಲ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತು. 2015ರ ಡಿಸೆಂಬರಿನಲ್ಲಿ ಚೆನ್ನೈಯ ಅಡ್ಯಾರ್ ನದಿ ಮನೆಗಳ ಒಳಗೆ ಹರಿಯಿತು. ನೀರು ಮೊದಲು ಎಲ್ಲಿ ನಿಲ್ಲುತ್ತದೆ ಎಂಬುದು ಹಳಬರಿಗೆ ಬಾಯಿಪಾಠ. ಹಿಂದ್‌ಮಾತಾದಲ್ಲಿ ಮಳೆಗಾಲದಲ್ಲಿ ಏನಾಗುತ್ತದೆ ಎಂದು ಮುಂಬಯಿಯ ಟ್ಯಾಕ್ಸಿಯವರನ್ನು ಕೇಳಿ. ಚೆನ್ನೈಯಲ್ಲಿ ಬಡಾವಣೆಯ ಹೆಸರಿನ ಕೊನೆಗೆ ‘ತಾಂಗಲ್’ ಎಂದಿದ್ದರೆ ಅಲ್ಲೊಂದು ಕೆರೆಯಿತ್ತು ಎಂದು ತಮಿಳು ಬಲ್ಲವರಿಗೆ ಹೇಳಬೇಕಿಲ್ಲ. ನಾವು ಫ್ಲ್ಯಾಟು ಕೊಳ್ಳುವಾಗ ಸಾಲದ ಬಡ್ಡಿ, ಮೆಟ್ರೋ ದೂರ, ಶಾಲೆಯ ಹೆಸರು ವಿಚಾರಿಸುತ್ತೇವೆ. ಬೀದಿಯ ಕೊನೆಯ ಅಂಗಡಿಯ ಮುದುಕನನ್ನು ‘ಇಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು?’ ಎಂದು ಕೇಳುವುದಿಲ್ಲ. ಕೇಳಲು ಅವನ ಭಾಷೆ ನಾಲ್ಕು ಮಾತಾದರೂ ಬರಬೇಕಲ್ಲ!

ಟಿಟಿಯಾನದವರು ದಡ್ಡರಾಗಿರಲಿಲ್ಲ, ಅಸಡ್ಡೆಯವರೂ ಅಲ್ಲ. ಗುಡ್ಡವಿಲ್ಲದ ನಾಡಿನಿಂದ ಬಂದಿದ್ದರು. ಅಂಥವರಿಗೆ ಗುಡ್ಡದ ದಾರಿ ತೋರಿಸಬೇಕಿದ್ದದ್ದು ಅವರನ್ನು ಅಲ್ಲಿ ಇಳಿಸಿದವರು. ಅದು ಆಗದಿದ್ದಾಗ ಉಳಿಯುವ ದಾರಿ ಒಂದೇ, ಪಕ್ಕದ ಊರಿನ ಅಜ್ಜಿಯ ಬಳಿ ಹೋಗಿ ಕೇಳುವುದು.