ತೂಕದಿಂದ ಎಣಿಕೆಗೆ: ಮೋಲ್ ಬಂದ ದಾರಿ

ಸುಬ್ರಹ್ಮಣ್ಯದ ಕಡೆಯ ಕೃಷಿಕರು ಅಡಿಕೆಯನ್ನು ಅಂಗಡಿಗೆ ಒಯ್ದರೆ ಯಾರೂ ಒಂದೊಂದಾಗಿ ಎಣಿಸುವುದಿಲ್ಲ, ತೂಗುತ್ತಾರೆ. ಒಂದು ಅಡಿಕೆಯ ಸರಾಸರಿ ತೂಕ ಗೊತ್ತಿದ್ದರೆ ಚೀಲದಲ್ಲಿ ಸುಮಾರು ಎಷ್ಟಿವೆಯೆಂದು ಹೇಳಬಹುದು. ಪ್ರಥಮ ಪಿಯುಸಿಯಲ್ಲಿ ಅನೇಕರು ಹೆದರುವ ಮೋಲ್ ಲೆಕ್ಕವೂ ಇಷ್ಟೇ. ಆದರೆ ಒಂದು ಪರಮಾಣುವಿನ ತೂಕ ತಿಳಿಯುವುದು ಸುಲಭವಾಗಿರಲಿಲ್ಲ.

ತೂಗುವ ವಿದ್ಯೆಯಲ್ಲಿ ಮುಸ್ಲಿಂ ವಿಜ್ಞಾನಿಗಳು ಬಹಳ ಮುಂದಿದ್ದರು. ಮರ್ವ್ ನಗರದ ಅಲ್-ಖಾಝಿನಿ 1121ರಲ್ಲಿ ರಚಿಸಿದ 'ಮೀಝಾನುಲ್ ಹಿಕ್ಮ'ದಲ್ಲಿ ಲೋಹ, ರತ್ನಗಳ ಸಾಪೇಕ್ಷ ಸಾಂದ್ರತೆಗಳಿವೆ. ಚಿನ್ನ ಅಪ್ಪಟವೋ ಕಲಬೆರಕೆಯೋ ಎಂದು ಅವರ ತಕ್ಕಡಿ ಹೇಳುತ್ತಿತ್ತು. ಅದರಲ್ಲಿ ಎಷ್ಟು ಕಣಗಳಿವೆ ಎಂಬುದನ್ನು ಹೇಳುತ್ತಿರಲಿಲ್ಲ. ಅಭಿಮಾನದಿಂದ ಅದನ್ನೂ ಅವರ ಖಾತೆಗೆ ಸೇರಿಸುವುದು ಸರಿಯಲ್ಲ.

1811ರಲ್ಲಿ ಇಟಲಿಯ ಅವೊಗಾಡ್ರೋ, ಒಂದೇ ಉಷ್ಣತೆ ಮತ್ತು ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮ ಎಂದರು. ಹೆಚ್ಚಿನವರು ಕಿವಿಗೊಡಲಿಲ್ಲ. ನೀರಿನಲ್ಲಿ ಒಂದು ಆಮ್ಲಜನಕಕ್ಕೆ ಒಂದೇ ಜಲಜನಕ ಎಂದು ಬರೆಯುವವರೂ ಇದ್ದರು. ಅವರ ಲೆಕ್ಕದಲ್ಲಿ ಆಮ್ಲಜನಕದ ತೂಕ 16ರ ಬದಲು 8. ಅವೊಗಾಡ್ರೋ 1856ರಲ್ಲಿ ತೀರಿಕೊಂಡರು. 1860ರ ಕಾರ್ಲ್ಸ್‌ರೂಹೆ ಸಮ್ಮೇಳನದಲ್ಲಿ ಅವರದೇ ದೇಶದ ಕನ್ನಿಝಾರೋ ಈ ವಿಚಾರವನ್ನೇ ಹಿಡಿದು ಪರಮಾಣು ತೂಕಗಳ ಗೊಂದಲಕ್ಕೆ ದಾರಿ ತೋರಿದರು. ಕಣಗಳ ಸಂಖ್ಯೆಗೆ ಅವೊಗಾಡ್ರೋ ಹೆಸರಿಟ್ಟವರು ಫ್ರಾನ್ಸಿನ ಪೆರಾಂ, 1909ರಲ್ಲಿ. 2019ರ ಮೇ 20ರಿಂದ ಒಂದು ಮೋಲ್ ಎಂದರೆ ನಿಖರವಾಗಿ 6.02214076 × 10²³ ಕಣಗಳು.

ಈಗ ಕುಮಾರಧಾರೆಯ ನೀರನ್ನು ಬಟ್ಟಿ ಇಳಿಸಿ 9 ಗ್ರಾಂ ತೆಗೆದುಕೊಳ್ಳಿ. ಒಂದು ಮೋಲ್ ನೀರಿನ ದ್ರವ್ಯರಾಶಿ 18 ಗ್ರಾಂ. ಭಾಗಿಸಿದರೆ ಅರ್ಧ ಮೋಲ್, ಅಂದರೆ 3.011 × 10²³ ಅಣುಗಳು. ಪರಮಾಣುಗಳೆಷ್ಟು ಎಂದು ಕೇಳಿದ್ದರೆ ಮತ್ತೆ ಮೂರರಿಂದ ಗುಣಿಸಬೇಕು: 9.033 × 10²³. ಪ್ರಶ್ನೆಯಲ್ಲಿ ಅಣುವೋ ಪರಮಾಣುವೋ ಎಂಬುದನ್ನು ಮೊದಲು ನೋಡಿಕೊಳ್ಳಿ.