ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಪ್ರಾರ್ಥನೆ ಮತ್ತು ಧರ್ಮ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಹಳ್ಳಿಗಳಲ್ಲಿ ಸರ್ಕಾರಿ ಶಾಲೆ ಬರುವ ಮೊದಲು ಅಕ್ಷರ ಕಲಿಸುತ್ತಿದ್ದುದು ಕೂಲಿಮಠಗಳು. ಗುಡಿಯ ಜಗಲಿಯಲ್ಲಿ ಕೂತು ಮರಳಿನ ಮೇಲೆ ಬೆರಳಾಡಿಸುತ್ತಿದ್ದ ಮಕ್ಕಳಿಗೆ ಸ್ತೋತ್ರ ಬೇರೆ, ಪಾಠ ಬೇರೆ ಆಗಿರಲಿಲ್ಲ. 1854ರ ಚಾರ್ಲ್ಸ್ ವುಡ್ ವರದಿ ಸರ್ಕಾರಿ ಶಾಲೆಯ ಪಾಠದಿಂದ ಧರ್ಮವನ್ನು ಹೊರಗಿಟ್ಟಿತು. ತಮಾಷೆಯೆಂದರೆ, ಈ ನೀತಿಯನ್ನು ನಡೆಸಬೇಕಿದ್ದ ಮೈಸೂರು ವಿದ್ಯಾ ಇಲಾಖೆಯ ಮುಖ್ಯಸ್ಥ ಜಾನ್ ಗ್ಯಾರೆಟ್ ವೆಸ್ಲಿಯನ್ ಮಿಷನ್ನಿನ ಪಾದ್ರಿಯಾಗಿದ್ದವರು. 1868ರಲ್ಲಿ ಅದೇ ಇಲಾಖೆಯ ಬಿ.ಎಲ್. ರೈಸ್ ಹೋಬಳಿಗೊಂದು ಶಾಲೆಯ ಯೋಜನೆ ತಂದರು. ವಿ.ಪಿ. ಮಾಧವರಾಯರು ಮೈಸೂರಿನ ದಿವಾನರಾಗಿದ್ದಾಗ (1906–09) ಧರ್ಮ ಮತ್ತು ನೀತಿಬೋಧೆ ಸರ್ಕಾರಿ ಶಾಲೆಯೊಳಕ್ಕೆ ಬಂತು.

ಸ್ವಾತಂತ್ರ್ಯದ ನಂತರ ಬಂದ ಸಂವಿಧಾನದ 28ನೇ ವಿಧಿಯಂತೆ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಸಲ್ಲದು; ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಅದಕ್ಕಾಗಲಿ ಪೂಜೆಗಾಗಲಿ ಕೂರಿಸುವಂತಿಲ್ಲ.

ಆದರೆ ಕಾನೂನು ತಡೆದದ್ದು ಬೋಧನೆಯನ್ನು, ರೂಢಿಯನ್ನಲ್ಲ. ಬೆಲ್ ಆದೊಡನೆ ಕುಳ್ಳರು ಮುಂದೆ, ಎತ್ತರದವರು ಹಿಂದೆ ಸಾಲುಗಟ್ಟುತ್ತಾರೆ. ಕೈಮುಗಿದು, ಕಣ್ಣುಮುಚ್ಚಿ ಒಂದು ಸ್ತುತಿ; ಆಮೇಲೆ ನಾಡಗೀತೆ, ಪತ್ರಿಕೆಯ ಮುಖ್ಯಾಂಶ, ಕೊನೆಗೆ ರಾಷ್ಟ್ರಗೀತೆ. ಎಸ್ಸೆಸ್ಸೆಲ್ಸಿ ಮಕ್ಕಳ ಬೀಳ್ಕೊಡುಗೆ ಎಂದರೆ ಎಷ್ಟೋ ಶಾಲೆಗಳಲ್ಲಿ ಸರಸ್ವತಿ ಪೂಜೆಯೇ: ಪಟಕ್ಕೆ ಹಾರ, ಊದುಬತ್ತಿ, ಪಕ್ಕದಲ್ಲಿ ಪುಸ್ತಕದ ರಾಶಿ. ಇದನ್ನು ಧರ್ಮಬೋಧನೆಯೆಂದು ಎಣಿಸದವರೇ ಹೆಚ್ಚು. ರಾಜ್ಯದಲ್ಲಿ ದೊಡ್ಡ ಜಗಳಗಳು ಎದ್ದದ್ದು ಬೇರೆ ವಿಷಯಗಳಿಗೆ.

2011ರಲ್ಲಿ ಸೋಂದಾ ಸ್ವರ್ಣವಲ್ಲಿ ಮಠದ ಭಗವದ್ಗೀತಾ ಅಭಿಯಾನ ಶಾಲೆಗಳಿಗೆ ಬಂದಾಗ ವಿರೋಧ ಎದ್ದಿತು. ಶಿಕ್ಷಣ ಸಚಿವ ವಿಶ್ವೇಶ್ವರ ಹೆಗಡೆ ಕಾಗೇರಿ ಅಭಿಯಾನದ ಪರ ನಿಂತರು. ಎಲ್ಲಕ್ಕಿಂತ ದೊಡ್ಡದು ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹುಟ್ಟಿದ ಹಿಜಾಬ್ ವಿವಾದ. 2022ರ ಫೆಬ್ರವರಿ 5ರಂದು ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಮಾರ್ಚ್ 15ರಂದು ಹೈಕೋರ್ಟಿನ ತ್ರಿಸದಸ್ಯ ಪೀಠ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಹೇಮಂತ್ ಗುಪ್ತಾ ಮತ್ತು ಸುಧಾಂಶು ಧುಲಿಯಾ ಪರಸ್ಪರ ಭಿನ್ನ ತೀರ್ಪು ಕೊಟ್ಟರು. ಅದೇ ವರ್ಷದ ನವೆಂಬರಿನಲ್ಲಿ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ದಿನಕ್ಕೆ 10 ನಿಮಿಷ ಧ್ಯಾನ ಎಂದಾಗ ಹೊಸ ವಿಚಾರವೆಂಬಂತೆ ಗದ್ದಲವಾಯಿತು. ಆದರೆ ವಿಶ್ವವಿದ್ಯಾಲಯ ಶಿಕ್ಷಣ ಕುರಿತ ರಾಧಾಕೃಷ್ಣನ್ ಆಯೋಗ 1949ರಲ್ಲೇ ವಿದ್ಯಾಸಂಸ್ಥೆಗಳಲ್ಲಿ ಮೌನಧ್ಯಾನವನ್ನು ಸೂಚಿಸಿತ್ತು.

2023ರ ಜೂನ್‌ನಲ್ಲಿ ರಾಜ್ಯ ಸಂಪುಟ ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆ ಓದುವುದನ್ನು ಕಡ್ಡಾಯ ಮಾಡಿತು. 2024ರ ಫೆಬ್ರವರಿಯಲ್ಲಿ ಜಗಳ ಗೋಡೆಬರಹಕ್ಕೆ ಬಂತು: ಸರ್ಕಾರಿ ವಸತಿ ಶಾಲೆಗಳಲ್ಲಿ ಕೈಮುಗಿದು ಒಳಬರಲು ಹೇಳುತ್ತಿದ್ದ ಸಾಲನ್ನು, ಧೈರ್ಯವಾಗಿ ಪ್ರಶ್ನಿಸಲು ಹೇಳುವಂತೆ ಬದಲಿಸಲಾಗಿತ್ತು.